ಬರೆದೆ, ಅಳಿಸಿದೆ. ನಿಮ್ಮ ಬಾಯಿಗೆ ಬೀಗ ಹಾಕುವವರು ಯಾರು?

ಟೊಮೆಟೊ ಮಗ
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ತಿನ್ನುತ್ತಿದೆ, ಅದಕ್ಕೆ ಇಲ್ಲಿ ಹಾಕುತ್ತಿದ್ದೇನೆ.

ನಮ್ಮದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ, ಟೊಮೆಟೊ ಜಾಸ್ತಿ, ಮಧ್ಯದಲ್ಲಿ ಬೀನ್ಸ್. ಹೋದ ತಿಂಗಳು ನಮ್ಮ ತೆರೆದ ಬಾವಿಯ ನೀರು ವಾಸನೆ ಬರಲು ಶುರುವಾಯಿತು. ಕಾರಣ ಏನು ಅಂತ ನನಗೆ ಗೊತ್ತಿಲ್ಲ. ಯಾರನ್ನೂ ದೂರುತ್ತಿಲ್ಲ. ಸಂಜೆ ಒಂದು ಫೋಟೊ ತೆಗೆದು, "ನಮ್ಮ ಬಾವಿ ನೀರು ವಾಸನೆ ಬರ್ತಿದೆ, ನಿಮ್ಮದೂ ಹಾಗೇನಾ?" ಅಂತ ಬರೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಂದೇ ಸಾಲು. ಒಂದು ನಿಮಿಷ ಆಗಿಲ್ಲ, ಅಪ್ಪ ಹಟ್ಟಿಯಿಂದ ಓಡಿ ಬಂದರು. "ತೆಗಿಯೋ ಅದನ್ನ. ಮಂಡಿಯವನು ಈ ಗುಂಪಲ್ಲಿದ್ದಾನೆ. ನಾಳೆ ನಮ್ಮೂರ ಬಾಕ್ಸ್ ಅಂದ್ರೆ ಮೂಗು ಮುಚ್ಚಿಕೊಳ್ತಾನೆ" ಅಂದರು. ಅಳಿಸಿದೆ. ಅಷ್ಟರಲ್ಲಿ ಹನ್ನೊಂದು ಜನ ನೋಡಿಯಾಗಿತ್ತು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಮಾರನೇ ದಿನ ಪಕ್ಕದ ಹೊಲದವರು ಬೈಕ್ ನಿಲ್ಲಿಸಿ, ಆ ಕಡೆ ಈ ಕಡೆ ನೋಡಿ, "ನಮ್ಮ ಬಾವೀನೂ ಹಂಗೇ ಇದೆ ಕಣಪ್ಪ. ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡ" ಅಂದರು. ಸಾಯಂಕಾಲ ಇನ್ನೊಬ್ಬರು. ಅವರೂ ಅದೇ ಮಾತು. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಪೊಲೀಸರು ಬರಲಿಲ್ಲ, ಕೋರ್ಟ್ ಹೇಳಲಿಲ್ಲ, ಸರ್ಕಾರಕ್ಕೆ ಗೊತ್ತೇ ಇಲ್ಲ. ಆದರೂ ಮಾತು ನಿಂತಿತು. ಇದನ್ನು ಸೆನ್ಸಾರ್ ಅನ್ನಬಹುದಾ? ನಿಮಗೆ ಹೀಗೆ ಆಗಿದೆಯಾ?

(ತಿದ್ದುಪಡಿ: ಊರಿನ ಹೆಸರು ಮೊದಲು ಹಾಕಿದ್ದೆ, ಈಗ ತೆಗೆದಿದ್ದೇನೆ.)

ಗೌರಿಬಿದನೂರು ಪ್ಯಾಸೆಂಜರ್
ತಿದ್ದುಪಡಿ ನೋಡಿ ಬಿದ್ದು ಬಿದ್ದು ನಕ್ಕೆ. ನಿಮ್ಮ ಪ್ರಶ್ನೆಗೆ ನೀವೇ ಉತ್ತರ ಕೊಟ್ಟಿದ್ದೀರಿ ಗುರು.

ಕರಿಕೋಟು ತುಮಕೂರು
ವಕೀಲನಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಸೆನ್ಸಾರ್ ಅಲ್ಲ. ಸಂವಿಧಾನದ 19(1)(ಎ) ಕೊಡುವ ವಾಕ್ ಸ್ವಾತಂತ್ರ್ಯ ಸರ್ಕಾರದ ವಿರುದ್ಧ ಇರುವ ಹಕ್ಕು, ನಿಮ್ಮ ಅಪ್ಪನ ವಿರುದ್ಧ ಅಲ್ಲ. ಸರ್ಕಾರ ಕೂಡ ಮನಸ್ಸಿಗೆ ಬಂದಂತೆ ಬಾಯಿ ಮುಚ್ಚಿಸುವ ಹಾಗಿಲ್ಲ. 19(2)ರಲ್ಲಿ ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನನಷ್ಟ ಅಂತ ಕಾರಣಗಳ ಪಟ್ಟಿ ಇದೆ. ಅದರೊಳಗೆ ಬರಬೇಕು, ಅದೂ ಕಾನೂನಿನ ಮೂಲಕ.

ಐಟಿ ಕಾಯ್ದೆಯ 66ಎ ನೆನಪಿದೆಯಾ? ಫೇಸ್‌ಬುಕ್‌ನಲ್ಲಿ ಯಾರಿಗೋ "ಕಿರಿಕಿರಿ" ಆಗುವಂಥದ್ದು ಬರೆದರೂ ಜೈಲಿಗೆ ಹಾಕಬಹುದಿತ್ತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಹಿಡಿದಿದ್ದರು, ಒಬ್ಬಳು ಬರೆದಿದ್ದಕ್ಕೆ, ಇನ್ನೊಬ್ಬಳು ಲೈಕ್ ಒತ್ತಿದ್ದಕ್ಕೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನೇ ಹೊಡೆದು ಹಾಕಿತು. ಅದು ಸೆನ್ಸಾರ್. ನಿಮ್ಮದು ವ್ಯಾಪಾರ.

ಸುಮ್ನಿರಮ್ಮ
ವಕೀಲರೇ, ನಿಮ್ಮ ಲೆಕ್ಕದಲ್ಲಿ ನನಗೆ ಹುಟ್ಟಿದಾಗಿನಿಂದ ಪೂರ್ತಿ ವಾಕ್ ಸ್ವಾತಂತ್ರ್ಯ ಇದೆ ಅಂತಾಯಿತು! ಸರ್ಕಾರ ಒಂದು ದಿನವೂ ನನಗೆ ಸುಮ್ನಿರು ಅಂದಿಲ್ಲ. ಅಂದಿದ್ದು ಅಜ್ಜಿ, ಆಮೇಲೆ ಅಪ್ಪ, ಆಮೇಲೆ ಅತ್ತೆ, ಈಗ ನನ್ನ ಎಂಟನೇ ಕ್ಲಾಸ್ ಮಗ. "ಅಮ್ಮಾ, ನೀನು ಪೇರೆಂಟ್ಸ್ ಮೀಟಿಂಗಲ್ಲಿ ಏನೂ ಕೇಳಬೇಡ, ಮಿಸ್ ನನ್ನ ಮೇಲೆ ಕೋಪ ಮಾಡ್ಕೊತಾರೆ" ಅಂತಾನೆ. ನನ್ನ ಹೆಸರು ನೋಡಿ. ನಮ್ಮ ಮನೆಯಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕರೆದಿರುವುದು ಇದೇ ಹೆಸರಿನಲ್ಲಿ.

ಮೆಡಿಕಲ್ ಶಾಪ್‌ಗೆ ಹೋಗಿ ಪ್ಯಾಡ್ ಕೇಳಿ. ಅಂಗಡಿಯವರು ಪೇಪರ್‌ನಲ್ಲಿ ಸುತ್ತಿ, ಅದರ ಮೇಲೆ ಕಪ್ಪು ಕವರ್ ಹಾಕಿ ಕೊಡುತ್ತಾರೆ. ನಾನು ಕೇಳಿರುವುದೇ ಇಲ್ಲ. ಜ್ವರದ ಮಾತ್ರೆಗೆ ಕವರ್ ಕೂಡ ಇಲ್ಲ! ನಮ್ಮ ಕಡೆ ಮುಟ್ಟು ಅನ್ನುವ ಪದ ಗಂಡಸರ ಮುಂದೆ ಬರಬಾರದು. "ಹೊರಗಾಗಿದ್ದಾಳೆ" ಅನ್ನಬೇಕು. ಕಾಲೇಜು ಹುಡುಗಿಯರು "ಡೇಟ್" ಅಂತಾರೆ. ಪದ ಬದಲಾಯಿತು, ಕವರ್ ಬದಲಾಗಲಿಲ್ಲ.

ಶಿರಾ ಸೀಮೆ
ನಾನು ಹೈಸ್ಕೂಲ್‌ನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸಂತಾನೋತ್ಪತ್ತಿ ಪಾಠ ಬಂದಾಗ ನನ್ನ ಮೇಷ್ಟ್ರು "ಇದು ಸುಲಭ, ನೀವೇ ಓದಿಕೊಳ್ಳಿ" ಅಂದಿದ್ದರು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಅದೇ ಅಂದೆ, ನಾಚಿಕೆ ಇಲ್ಲದೆ ಒಪ್ಪಿಕೊಳ್ಳುತ್ತೇನೆ. ಯಾರೂ ಬೇಡ ಅಂದಿರಲಿಲ್ಲ. ಪುಸ್ತಕದಲ್ಲಿ ಇದೆ, ಪರೀಕ್ಷೆಗೆ ಬರುತ್ತದೆ, ಸರ್ಕಾರವೇ ಹೇಳಿಕೊಡು ಅಂತ ಸಂಬಳ ಕೊಡುತ್ತಿದೆ. ಆದರೂ ಬಾಯಿ ಬರಲಿಲ್ಲ. ಮೂರನೇ ವರ್ಷದಿಂದ ಹೇಳುತ್ತಿದ್ದೇನೆ. ಆ ಒಂದು ಪೀರಿಯಡ್ ಮಾತ್ರ ಇಡೀ ಕ್ಲಾಸ್ ಎಷ್ಟು ಶಿಸ್ತಾಗಿ ಕೂತಿರುತ್ತದೆ ಅಂದರೆ, ಎಲ್ಲ ಪಾಠವೂ ಹೀಗೇ ಇರಬಾರದಾ ಅನ್ನಿಸುತ್ತದೆ.

ಕೊಬ್ಬರಿ ಮಿಠಾಯಿ
ಮಾತು ಮನೆಯ ಪದಗಳ ಕಡೆ ಹೋಯಿತಲ್ಲ, ನಂದೂ ಒಂದಿಷ್ಟು. ತಿಪಟೂರು ಕಡೆ ನಮ್ಮಜ್ಜಿ ಅಕ್ಕಿ ಖಾಲಿ ಆಯಿತು ಅನ್ನುತ್ತಿರಲಿಲ್ಲ, "ಅಕ್ಕಿ ಹೆಚ್ಚಿದೆ" ಅನ್ನುತ್ತಿದ್ದರು. ಹೊಸದಾಗಿ ಬಂದ ಸೊಸೆ, ಅಂದರೆ ನಮ್ಮಮ್ಮ, ಹೆಚ್ಚಿದೆಯಲ್ಲ ಅಂತ ಸುಮ್ಮನಿದ್ದು, ಮಧ್ಯಾಹ್ನ ಎಲ್ಲರಿಗೂ ಬರೀ ಮುದ್ದೆ. ರಾತ್ರಿ ಹಾವು ಅನ್ನಬಾರದು, ಹುಳ ಅನ್ನಬೇಕು. ಹೊರಡುವಾಗ ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ. ಮೈಮೇಲೆ ಗುಳ್ಳೆ ಎದ್ದರೆ ಕಾಯಿಲೆ ಅಂದರೆ ತಪ್ಪು, "ಅಮ್ಮ ಆಗಿದೆ".

ಕರಿಕೋಟು ತುಮಕೂರು
ಇದೆಲ್ಲ ಶುಭ ಅಶುಭದ ನಂಬಿಕೆ. ಅಕ್ಕಿ ಹೆಚ್ಚಿದೆ ಅನ್ನುವುದಕ್ಕೂ ಸೆನ್ಸಾರಿಗೂ ಏನು ಸಂಬಂಧ ಸ್ವಾಮಿ? ಭಾಷೆಯ ಸೊಗಸು ಅದು. ಎಲ್ಲವನ್ನೂ ದಬ್ಬಾಳಿಕೆ ಅಂತ ನೋಡಿದರೆ ಬದುಕೋದು ಹೇಗೆ.

ಸುಮ್ನಿರಮ್ಮ
ಸೊಗಸೇ. ನಾನೂ ಅಕ್ಕಿ ಹೆಚ್ಚಿದೆ ಅಂತಲೇ ಹೇಳೋದು. ಆದರೆ ಯಾವ ಮಾತು ಬಾಯಿಗೆ ಬಂದರೂ ನುಂಗಬೇಕು ಅನ್ನುವುದನ್ನು ನಾವು ಕಲಿಯುವುದು ಅಲ್ಲೇ ಅಲ್ವಾ. ಅಕ್ಕಿ ಡಬ್ಬದ ಹತ್ತಿರ ಕಲಿತದ್ದು ಬಾವಿ ಹತ್ತಿರ ಉಪಯೋಗಕ್ಕೆ ಬರುತ್ತದೆ. ಟೊಮೆಟೊ ಅವರೇ, ನಿಮ್ಮ ಬಾವಿಯ ವಾಸನೆ "ಹೆಚ್ಚಿದೆ" ಅನ್ನಿ, ಎಲ್ಲರಿಗೂ ಒಪ್ಪಿಗೆ ಆಗುತ್ತದೆ.

ಪಿಂಚಣಿ ಮೇಷ್ಟ್ರು
ನಿಜವಾದ ಸೆನ್ಸಾರ್ ನೋಡಿದವನು ನಾನು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಆಗ ತುಮಕೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಮಾರನೇ ದಿನವೇ ಬೆಂಗಳೂರಿನಲ್ಲಿ ಆಡ್ವಾಣಿ, ವಾಜಪೇಯಿ, ಮಧು ದಂಡವತೆ ಅವರನ್ನು ಬಂಧಿಸಿದರು. ಸಂಸದೀಯ ಸಮಿತಿ ಕೆಲಸಕ್ಕೆ ಅಂತ ಬಂದಿದ್ದವರು ಸೆಂಟ್ರಲ್ ಜೈಲಿಗೆ ಹೋದರು. ಈಗ ಅದೇ ಜಾಗ ಫ್ರೀಡಂ ಪಾರ್ಕ್. ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತ್ತು. ಆ ಖಾಲಿ ಜಾಗ ನಾನು ಆಗ ಕಂಡಿದ್ದಲ್ಲ, ಆಮೇಲೆ ಓದಿ ತಿಳಿದಿದ್ದು. ನಮ್ಮ ಹಾಸ್ಟೆಲ್‌ಗೆ ಬರುತ್ತಿದ್ದ ಪೇಪರ್‌ನಲ್ಲಿ ಎಲ್ಲ ಚೆನ್ನಾಗಿದೆ, ರೈಲು ಸಮಯಕ್ಕೆ ಬರುತ್ತಿದೆ ಅಂತ ಇರುತ್ತಿತ್ತು.

ನನಗೆ ನೆನಪಿರುವುದು ಹೋಟೆಲ್. ದಿನಾ ಸಂಜೆ ಜಗಳ ಆಡುತ್ತಿದ್ದ ನಾಲ್ಕು ಜನ ಹಿರಿಯರು ಇದ್ದರು. ಜಗಳ ನಿಂತುಹೋಯಿತು. ಕಾಫಿ ಕುಡಿಯುತ್ತಿದ್ದರು, ಮಳೆ ಬಗ್ಗೆ ಮಾತಾಡುತ್ತಿದ್ದರು, ಎದ್ದು ಹೋಗುತ್ತಿದ್ದರು. ಗೋಡೆಯ ಮೇಲೆ "ದಯವಿಟ್ಟು ರಾಜಕೀಯ ಮಾತನಾಡಬೇಡಿ" ಅಂತ ಬೋರ್ಡ್ ಬಂತು. 1977ರ ಜನವರಿಯಲ್ಲಿ ತುರ್ತು ಪರಿಸ್ಥಿತಿ ಮುಗಿಯಿತು. ಬೋರ್ಡ್ ಇನ್ನೂ ಇದೆ! ಈಗ ಮೊಮ್ಮಗ ನಡೆಸುತ್ತಿದ್ದಾನೆ, ಅದಕ್ಕೆ ಹೊಸ ಪೇಂಟ್ ಹೊಡೆಸಿದ್ದಾನೆ.

ನಂದಿಬೆಟ್ಟದ ಮಂಜು
ಸಣ್ಣ ತಿದ್ದುಪಡಿ ಮೇಷ್ಟ್ರೇ. ಜನವರಿ 18ಕ್ಕೆ ಚುನಾವಣೆ ಘೋಷಣೆ ಆಯಿತು, ಕೈದಿಗಳನ್ನು ಬಿಡಲು ಶುರು ಮಾಡಿದರು. ತುರ್ತು ಪರಿಸ್ಥಿತಿ ತೆಗೆದಿದ್ದು ಮಾರ್ಚ್ 21, 1977. ಒಟ್ಟು 21 ತಿಂಗಳು.

ಪಿಂಚಣಿ ಮೇಷ್ಟ್ರು
ಸರಿ ಸರಿ. ಇತಿಹಾಸ ನನ್ನ ವಿಷಯ ಅಲ್ಲ, ಗಣಿತ. ಒಪ್ಪಿಕೊಂಡೆ.

ಬೈಟು ಕಾಫಿ
ನಮ್ಮ ಹೋಟೆಲಲ್ಲೂ ಆ ಬೋರ್ಡ್ ಇದೆ. ಅದಕ್ಕೂ ತುರ್ತು ಪರಿಸ್ಥಿತಿಗೂ ಸಂಬಂಧ ಇಲ್ಲ ಸಾರ್. ಒಂದು ಬೈಟು ಹೇಳಿ ಎರಡು ಗಂಟೆ ಟೇಬಲ್ ಹಿಡಿದು ಕೂತರೆ ನಮ್ಮ ಗತಿ ಏನು? ರಾಜಕೀಯ ಬೇಡ ಅಂದರೆ ಎದ್ದು ಹೋಗುತ್ತಾರೆ, ಅದಕ್ಕೆ. ಆದರೂ ನಿಜ ಹೇಳಬೇಕು, ಎಲೆಕ್ಷನ್ ಟೈಮಲ್ಲಿ ಅಪ್ಪ ಆ ಬೋರ್ಡನ್ನು ಒಳಗಿಂದ ತಂದು ಬಾಗಿಲ ಹತ್ತಿರ ನೇತು ಹಾಕುತ್ತಾರೆ. ಎರಡೂ ಪಾರ್ಟಿಯವರು ನಮ್ಮ ಹತ್ತಿರವೇ ಊಟದ ಆರ್ಡರ್ ಕೊಡುವುದು.

ಹಾರ್ಮೋನಿಯಂ
ಗುಬ್ಬಿ ತಾಲ್ಲೂಕು. ಗುಬ್ಬಿ ಅಂದಮೇಲೆ ನಾಟಕ ಬರಲೇಬೇಕು. ನಾನು ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತೇನೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ಊರವರೇ ದುಡ್ಡು ಹಾಕಿ ವೇಷ ಕಟ್ಟುತ್ತಾರೆ, ನಿಮಗೆಲ್ಲ ಗೊತ್ತಲ್ಲ.

ವಕೀಲರಿಗೆ ಗೊತ್ತಿರುತ್ತದೆ, ಬ್ರಿಟಿಷರು 1876ರಲ್ಲೇ ನಾಟಕ ನಿಯಂತ್ರಣ ಕಾಯ್ದೆ ತಂದಿದ್ದರು. ಸರ್ಕಾರವನ್ನು ಆಡಿಕೊಳ್ಳುವ ನಾಟಕ ನಿಲ್ಲಿಸಲಿಕ್ಕೆ. ಬ್ರಿಟಿಷರು ಹೋಗಿ ಎಪ್ಪತ್ತು ವರ್ಷ ಆದಮೇಲೆ ಅದನ್ನು ರದ್ದು ಮಾಡಿದರು. ನಮ್ಮ ರಾಜ್ಯದ್ದೇ ಒಂದು 1964ರಲ್ಲಿ ಬಂದಿದೆ. ಆದರೆ ನಲವತ್ತು ವರ್ಷದಲ್ಲಿ ಸ್ಟೇಷನ್‌ನವರು ನನ್ನನ್ನು ಕೇಳಿರುವುದು ಎರಡೇ: ಮೈಕ್ ಎಷ್ಟು ಗಂಟೆಗೆ ಆಫ್ ಮಾಡ್ತೀರಿ, ಗಲಾಟೆ ಆದರೆ ಯಾರು ಜವಾಬ್ದಾರಿ. ಕತ್ತರಿ ಬರುವುದು ಬೇರೆ ಕಡೆಯಿಂದ.

ಒಂದೂರಲ್ಲಿ ಹಾಸ್ಯದ ಪಾತ್ರದವನು ಒಂದು ಮಾತು ಸೇರಿಸಿಕೊಂಡಿದ್ದ. "ನಮ್ಮೂರ ಮೋರಿ ಹಂಗೆ ಪ್ರಭು, ಬಿಲ್ಲಲ್ಲಿದೆ, ನೆಲದ ಮೇಲಿಲ್ಲ" ಅಂತ. ಪ್ರಾಕ್ಟೀಸ್‌ನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಶಾಮಿಯಾನ ಮತ್ತು ಸೀನ್ಸ್ ಖರ್ಚು ಕೊಟ್ಟವರು ಯಾರು? ಆ ಮೋರಿ ಮಾಡಿಸಿದವರೇ. ನಾನೇ ತೆಗೆಸಿದೆ. ಹುಡುಗ ಮುಖ ಸಣ್ಣ ಮಾಡಿಕೊಂಡು ಹೂಂ ಅಂದ. ನಾಟಕದ ರಾತ್ರಿ ಆ ಜಾಗ ಬಂತು. ಅವನು ಮಾತಾಡಲಿಲ್ಲ. ಸ್ಟೇಜ್ ಮೇಲೆ ನಡೆಯುತ್ತಾ ಒಂದು ಕಡೆ ನಿಂತ. ಪಂಚೆ ಎತ್ತಿ ಹಿಡಿದ. ಇಲ್ಲದ ಮೋರಿಯನ್ನು ದಾಟಿದ. ಮುಂದಿನ ಸಾಲಿನ ಕಡೆ ಒಂದು ಸಲ ನೋಡಿದ. ಐದು ನಿಮಿಷ ಚಪ್ಪಾಳೆ ನಿಲ್ಲಲಿಲ್ಲ, ನನ್ನ ಕೈ ಹಾರ್ಮೋನಿಯಂ ಮೇಲೇ ನಿಂತುಹೋಯಿತು. ಮಾತು ಆಡಿದ್ದರೆ ಅರ್ಧ ಜನಕ್ಕೆ ಕೇಳುತ್ತಿರಲಿಲ್ಲ, ಮೈಕ್ ಸರಿ ಇರಲಿಲ್ಲ.

ಗೌರಿಬಿದನೂರು ಪ್ಯಾಸೆಂಜರ್
ಮೋರಿ ಆಮೇಲೆ ಆಯಿತಾ?

ಹಾರ್ಮೋನಿಯಂ
ಇಲ್ಲ. ಆದರೆ ಮುಂದಿನ ವರ್ಷ ಶಾಮಿಯಾನದ ದುಡ್ಡೂ ಬರಲಿಲ್ಲ.

ಚಿಂತಾಮಣಿ ಟಾಕೀಸು
ಸಿನಿಮಾ ವಿಷಯ ಯಾರೂ ಎತ್ತಲಿಲ್ಲವಲ್ಲ. ಸೆನ್ಸಾರ್ ಬೋರ್ಡ್ ಅಂತ ನಾವು ಈಗಲೂ ಅನ್ನುತ್ತೇವೆ, 1983ರಲ್ಲೇ ಅದರ ಹೆಸರು ಪ್ರಮಾಣೀಕರಣ ಮಂಡಳಿ ಅಂತ ಬದಲಾಗಿದೆ. ಹೆಸರು ಬದಲಾದರೂ ಕತ್ತರಿ ಅದೇ. ಟಿವಿಯಲ್ಲಿ ಬೈಗುಳಕ್ಕೆ ಬೀಪ್ ಹಾಕುತ್ತಾರಲ್ಲ, ನಮ್ಮ ಮನೆಯಲ್ಲಿ ಮಕ್ಕಳು ಬೀಪ್ ಬಂದ ಕೂಡಲೇ ಆ ಪದವನ್ನು ತುಂಬುತ್ತಾರೆ. ಬೀಪ್ ಇಲ್ಲದಿದ್ದರೆ ಗಮನಿಸುತ್ತಲೇ ಇರಲಿಲ್ಲ.

ಹಾಗೇ, ನಮ್ಮೂರ ಟಾಕೀಸಿನ ಆಪರೇಟರ್ ಸೆಕೆಂಡ್ ಶೋ ಬೇಗ ಮುಗಿಸಲಿಕ್ಕೆ ಹಾಡುಗಳನ್ನೇ ಹಾರಿಸುತ್ತಿದ್ದ. ಆ ಸೆನ್ಸಾರ್ ವಿರುದ್ಧ ಮಾತ್ರ ಜನ ಕುರ್ಚಿ ಮುರಿದಿದ್ದು ನೋಡಿದ್ದೇನೆ.

ಶಿಲೆ ಮತ್ತು ಕೆರೆ
ಮೂಲ ಪ್ರಶ್ನೆಗೆ ಬರೋಣ. ಟೊಮೆಟೊ ಮಗ, ನೀವು ಯಾರನ್ನೂ ದೂರುತ್ತಿಲ್ಲ ಅಂದಿರಿ, ಆದರೆ ಕೋಲಾರದಲ್ಲಿ ನೀರಿನ ಮಾತು ಬಂದರೆ ಯಾವ ಕಡೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಹೇಳುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವುದು ಕೆ.ಸಿ. ವ್ಯಾಲಿ ಯೋಜನೆ. ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಆ ಜುಲೈನಲ್ಲೇ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಆವತ್ತಿನಿಂದ ಹೋರಾಟ ಇದೆ.

ನಾನು ಆ ಸಭೆಗಳಿಗೆ ಹೋಗಿದ್ದೇನೆ. ಭಾಷಣ ಕೇಳಿ ಚಪ್ಪಾಳೆ ಹೊಡೆದ ರೈತರೇ ಹೊರಗೆ ಬಂದು "ನನ್ನ ಫೋಟೊ ಹಾಕಬೇಡಿ" ಅನ್ನುತ್ತಿದ್ದರು.

ಬೋರ್ 1400 ಅಡಿ
ಶುರುವಾಯಿತು ನೋಡಿ! ಅಣ್ಣಾ, ನಮ್ಮ ಕೆರೆಯಲ್ಲಿ ಹದಿನೈದು ವರ್ಷ ಜಾಲಿ ಗಿಡ ಬೆಳೆದಿತ್ತು. ನಾಲ್ಕು ಬೋರ್ ಕೊರೆಸಿ ನಾಲ್ಕೂ ಫೇಲ್. ಐದನೆಯದು 1400 ಅಡಿಗೆ, ಅದರಲ್ಲಿ ಬಂದದ್ದು ಫ್ಲೋರೈಡ್ ನೀರು. ಆಗ ಯಾರು ಫೋಟೊ ತೆಗೆದು ಹಾಕಿದರು? ಇವತ್ತು ಕೆರೆ ತುಂಬಿದೆ, ಮುಚ್ಚಿಹೋಗಿದ್ದ ಬಾವಿಯಲ್ಲಿ ನೀರು ಬಂದಿದೆ. ಕೊಳಚೆ ಕೊಳಚೆ ಅಂತ ಬೆಂಗಳೂರಿನವರ ಮುಂದೆ ಹೇಳಿ ನಮ್ಮ ತರಕಾರಿಗೆ ಮಸಿ ಬಳಿಯುವುದು ಯಾವ ನ್ಯಾಯ? ಟೊಮೆಟೊ ಮಗನ ಅಪ್ಪ ಸರಿಯಾಗಿಯೇ ಹೇಳಿದ್ದಾರೆ. ಹೇಳುವುದಕ್ಕೂ ಒಂದು ಜಾಗ ಇರುತ್ತದೆ.

ಶಿಲೆ ಮತ್ತು ಕೆರೆ
ನೀರು ಬೇಡ ಅಂತ ಯಾರೂ ಹೇಳಿಲ್ಲ. ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಅಂದರೆ ಅದು ಮಸಿ ಬಳಿಯುವುದಾ?

ಬೋರ್ 1400 ಅಡಿ
ನೀವು ಹೇಳುವುದು ಅಷ್ಟೇ ಇರಬಹುದು. ಅದು ಬೆಂಗಳೂರಿಗೆ ಹೋಗುವಷ್ಟರಲ್ಲಿ "ಕೋಲಾರದ ಟೊಮೆಟೊ ವಿಷ" ಆಗಿರುತ್ತದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ದಾಟಿದಾಗ ಯಾರೂ ನೀರು ಯಾವುದು ಅಂತ ಕೇಳಲಿಲ್ಲ. ರೇಟ್ ಬಿದ್ದಾಗ ಮಾತ್ರ ಕೇಳುತ್ತಾರೆ.

ಟೊಮೆಟೊ ಮಗ
ಬೋರ್ ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ, ಅಪ್ಪನೂ ಹೆಚ್ಚು ಕಡಿಮೆ ಇದನ್ನೇ ಹೇಳಿದರು. ಆದರೆ ನಾನು ಬೆಂಗಳೂರಿಗೆ ಬರೆಯಲಿಲ್ಲ. ನಮ್ಮೂರಿನವರಿಗೆ ಬರೆದೆ. ಆ ನೀರನ್ನು ಮನೆಯ ಹಸು ಕುಡಿಯುತ್ತದೆ. ಅದೂ ಹೇಳಬಾರದಾ?

ಬೋರ್ 1400 ಅಡಿ
ಹಸುವಿಗೆ ಕೊಡಬೇಡಿ. ಮೊದಲು ಟೆಸ್ಟ್ ಮಾಡಿಸಿ.

ಶಿಡ್ಲಘಟ್ಟ ಗೂಡು
ರೇಷ್ಮೆ ಗೂಡಿನ ರೇಟ್ ಇವತ್ತು ಯಾರಿಗಾದರೂ ಗೊತ್ತಾ?

ನಂದಿಬೆಟ್ಟದ ಮಂಜು
ಗೂಡಿನವರೇ, ಬೇರೆ ಚರ್ಚೆ ಇದೆ ಅದಕ್ಕೆ.

ಹೆಸರು ಬೇಡ
ತಾಲ್ಲೂಕು ಮಟ್ಟದ ಒಂದು ಕಚೇರಿಯಲ್ಲಿ ಕೆಲಸ. ಯಾವ ಇಲಾಖೆ ಕೇಳಬೇಡಿ. ನಮಗೆ ನಡತೆ ನಿಯಮಗಳಿವೆ, ಮೊದಲು 1966ರದ್ದು ಇತ್ತು, 2021ರಲ್ಲಿ ಹೊಸದು ಬಂತು. ಸರ್ಕಾರದ ನೀತಿಯನ್ನು ಟೀಕಿಸುವ ಹಾಗಿಲ್ಲ. ಅದನ್ನು ಒಪ್ಪಿಯೇ ಕೆಲಸಕ್ಕೆ ಸೇರಿದ್ದೇವೆ, ದೂರುವುದಿಲ್ಲ. ತಮಾಷೆ ಏನೆಂದರೆ ನಿಯಮ ಹೇಳದೇ ಇರುವುದನ್ನೂ ನಾವು ಪಾಲಿಸುತ್ತೇವೆ. ಕ್ರಿಕೆಟ್ ಆಟಗಾರನನ್ನು ಬೈದ ಪೋಸ್ಟಿಗೆ ಲೈಕ್ ಒತ್ತುವಾಗಲೂ ಸಾಹೇಬರಿಗೆ ಆ ಆಟಗಾರ ಇಷ್ಟಾನಾ ಅಂತ ಯೋಚಿಸುತ್ತೇನೆ. ಹದಿನಾರು ವರ್ಷ ಸರ್ವಿಸ್ ಆಯಿತು. ಈಗ ಯಾವುದು ನನ್ನ ಅಭಿಪ್ರಾಯ, ಯಾವುದು ಕಚೇರಿಯದ್ದು ಅಂತ ನನಗೇ ಬೇರೆ ಮಾಡಲು ಬರುವುದಿಲ್ಲ.

ಇನ್ನೊಂದು. ಮಾಹಿತಿ ಹಕ್ಕಿನಲ್ಲಿ ಕೇಳಿ ಅಂತ ಜನಕ್ಕೆ ಹೇಳುತ್ತೇವಲ್ಲ, ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಹಳ್ಳಿಯವರು ತಮ್ಮ ಕಷ್ಟವನ್ನು 150 ಪದದಲ್ಲಿ ಹೇಳುವುದು ನೀವೆಲ್ಲಾದರೂ ಕಂಡಿದ್ದೀರಾ? ನಮಸ್ಕಾರ ಹೇಳಿ ಊರು, ತಂದೆಯ ಹೆಸರು ಬರೆಯುವಷ್ಟರಲ್ಲಿ 40 ಮುಗಿದಿರುತ್ತದೆ.

ತಮಟೆ
ಕೋಲಾರದವನೇ. ಇಷ್ಟು ಹೊತ್ತು ಓದಿದೆ. ಒಂದು ಮಾತು ಯಾರೂ ಹೇಳಲಿಲ್ಲ. ಸುಮ್ಮನಿರುವುದರ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಟೊಮೆಟೊ ಮಗನಿಗೆ ಮಾತಾಡಿದರೆ ಬಾಕ್ಸಿಗೆ ನೂರು ರೂಪಾಯಿ ಕಡಿಮೆ ಆಗಬಹುದು. ನಮ್ಮಪ್ಪ ಗ್ರಾಮಸಭೆಯಲ್ಲಿ ಎದ್ದು ನಿಂತರೆ, ಅವರು ಏನು ಹೇಳಿದರು ಅಂತ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. "ಇವನು ಎದ್ದು ನಿಂತನಾ" ಅನ್ನುವುದೇ ಸುದ್ದಿ.

1973ರಲ್ಲಿ ದಲಿತ ನಾಯಕ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದರು. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ರಾಜ್ಯವೇ ಹೊತ್ತಿ ಉರಿಯಿತು, ಕೊನೆಗೆ ರಾಜೀನಾಮೆ ಕೊಟ್ಟರು. ಅವರಿಗಿಂತ ಮುಂಚೆ ಯಾರೂ ಕನ್ನಡ ಪುಸ್ತಕಗಳನ್ನು ಬೈದಿರಲಿಲ್ಲವಾ? ಬೇಕಾದಷ್ಟು ಜನ ಬೈದಿದ್ದರು. ಹೇಳಿದ್ದು ಯಾರು ಅನ್ನುವುದೇ ಪ್ರಶ್ನೆ ಆಗಿದ್ದು. ಆ ಗಲಾಟೆಯಲ್ಲಿ ಏಟು ತಿಂದ ಹುಡುಗರೇ ಆಮೇಲೆ ಸಂಘಟನೆ ಕಟ್ಟಿದರು, ನಮ್ಮ ಕೋಲಾರದ ಬೀದಿಗಳಲ್ಲಿ ಹಾಡಿದರು.

ನಾನು ಚಿಕ್ಕಬಳ್ಳಾಪುರದಲ್ಲಿ ಕೆಲಸ ಸಿಕ್ಕಾಗ ಬಾಡಿಗೆ ಮನೆ ಹುಡುಕಿದ್ದು ಆರು ವಾರ. "ನೀವು ಯಾವ ಪೈಕಿ?" ಅಂತ ನೇರ ಕೇಳುವವರು ಕಡಿಮೆ. "ಮನೆ ದೇವರು ಯಾವುದು?" "ವೆಜ್ಜಾ?" ಅಂತ ಸುತ್ತಿ ಬಳಸಿ ಬರುತ್ತಾರೆ. ಕೊನೆಗೆ ವೆಜ್ ಅಂತ ಸುಳ್ಳು ಹೇಳಿ ಮನೆ ಹಿಡಿದೆವು. ಮೀನು ಬಿಟ್ಟೇ ಬಿಟ್ಟೆವು, ಅದರ ವಾಸನೆ ಯಾರ ಮಾತೂ ಕೇಳುವುದಿಲ್ಲ. ಕೋಳಿ ಮಾಡುವ ದಿನ ಕಿಟಕಿ ಹಾಕಿ, ನಾಲ್ಕು ಊದುಬತ್ತಿ ಹಚ್ಚುತ್ತಿದ್ದೆವು. ಮೇಲಿನ ಮನೆ ಆಂಟಿ ನನ್ನ ಹೆಂಡತಿಗೆ "ನಿಮ್ಮನೇಲಿ ಭಾನುವಾರ ತುಂಬಾ ಪೂಜೆ ಮಾಡ್ತೀರಿ" ಅಂದಿದ್ದರು.

ಸುಮ್ನಿರಮ್ಮ
ಭಾನುವಾರದ ಪೂಜೆ ಓದಿ ನಕ್ಕೆ, ಆಮೇಲೆ ನಕ್ಕಿದ್ದಕ್ಕೆ ಬೇಜಾರಾಯಿತು.

ತಮಟೆ
ನಗಿ ಅಕ್ಕ. ನಾವೂ ನಗುತ್ತೇವೆ. ಈಗ ಸ್ವಂತ ಮನೆ, ಬುಧವಾರವೂ ಮೀನು.

ಕರಿಕೋಟು ತುಮಕೂರು
ತಮಟೆಯವರ ಮಾತಿಗೆ ನನ್ನ ಹತ್ತಿರ ಕಾನೂನಿನ ಉತ್ತರ ಇಲ್ಲ. ಖಾಸಗಿ ಮನೆಯವನು ಬಾಡಿಗೆಗೆ ಕೊಡುವುದಿಲ್ಲ ಅಂದರೆ ನಾನು ಯಾವ ರಿಟ್ ಹಾಕಲಿ. ಮೊದಲ ಉತ್ತರದಲ್ಲಿ "ನಿಮ್ಮದು ವ್ಯಾಪಾರ" ಅಂದಿದ್ದು ಸ್ವಲ್ಪ ಒರಟಾಯಿತು. ಆದರೆ ಪದವನ್ನು ಎಲ್ಲ ಕಡೆ ಎಳೆದರೆ, ನಾಳೆ ನಿಜವಾಗಿಯೂ ಪತ್ರಿಕೆ ಮುಚ್ಚಿಸಿದಾಗ ಬಳಸಲು ಪದ ಉಳಿಯುವುದಿಲ್ಲ. ಅಷ್ಟೇ ನನ್ನ ತಕರಾರು.

ನಂದಿಬೆಟ್ಟದ ಮಂಜು
ಎಲ್ಲರೂ ಮಾತಾಡಬೇಕು ಅನ್ನುವ ಕಡೆಯೇ ವಾಲುತ್ತಿದ್ದೀರಿ. ಇನ್ನೊಂದು ಮುಖ ನೋಡಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಹರಿದಾಡಿತಲ್ಲ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಸುಮ್ಮನೆ ಬಂದಿದ್ದ ಒಬ್ಬರನ್ನು ಜನ ಹೊಡೆದು ಕೊಂದರು. ಅದಾದ ಮೇಲೆ ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಅಂತ ಮಿತಿ ತರುವುದಾಗಿ ಹೇಳಿತು. ಆ ದಿನಗಳಲ್ಲಿ ನಮ್ಮೂರಿಗೆ ಬಂದ ಪಾತ್ರೆ ವ್ಯಾಪಾರಿಯನ್ನು ಕೂಡಿಹಾಕಿದ್ದರು. ನಮ್ಮ ಗುಂಪಿನ ಅಡ್ಮಿನ್, ಅಂಗಡಿ ಇಟ್ಟಿರುವವರು, ರಾತ್ರಿ ಗುಂಪಿನಲ್ಲಿ ಮಾತಾಡುವುದನ್ನೇ ಬಂದ್ ಮಾಡಿದರು. ಬೈಸಿಕೊಂಡರು. ಬೆಳಗ್ಗೆ ಎಲ್ಲರೂ ತಣ್ಣಗಾಗಿದ್ದರು. ಇದೂ ಬಾಯಿ ಮುಚ್ಚಿಸಿದ್ದೇ. ನನಗೆ ತಪ್ಪು ಅನ್ನಿಸಲಿಲ್ಲ.

ಶಿರಾ ಸೀಮೆ
ಸುಳ್ಳನ್ನು ತಡೆಯುವುದೂ ನಿಜವನ್ನು ನುಂಗುವುದೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ನಂದಿಬೆಟ್ಟದ ಮಂಜು
ಆ ರಾತ್ರಿ ಅದು ಸುಳ್ಳು ಅಂತ ಯಾರಿಗೆ ಗೊತ್ತಿತ್ತು ಮೇಡಂ? ಅಡ್ಮಿನ್‌ಗೂ ಗೊತ್ತಿರಲಿಲ್ಲ.

ಮುಳಬಾಗಿಲು ದೋಸೆ
ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನನ್ನ ಮಗಳ ಶಾಲೆಯಲ್ಲಿ ಎರಡಕ್ಕೂ ದಂಡ. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಹತ್ತು ರೂಪಾಯಿ. ಮೊನ್ನೆ ಮಗಳು ಬಿದ್ದು ಮಂಡಿ ತರಚಿಕೊಂಡಾಗ "ಅಮ್ಮಾ" ಅಂದಳಂತೆ. ಲೀಡರ್ ಹುಡುಗ ಬರೆದುಕೊಂಡನಂತೆ! ಡಿವಿಜಿ ಹುಟ್ಟಿದ ಊರಿನಲ್ಲಿ ಈ ಗತಿ.

ಬೈಟು ಕಾಫಿ
ಅಮ್ಮ ಅಂದದ್ದು ಕನ್ನಡವೋ ತೆಲುಗೋ ಅಂತ ವಾದ ಮಾಡಬೇಕಿತ್ತು, ಐದು ರೂಪಾಯಿಗೆ ಇಳಿಯುತ್ತಿತ್ತು.

ಗೌರಿಬಿದನೂರು ಪ್ಯಾಸೆಂಜರ್
ನಮ್ಮ ತಾಲ್ಲೂಕಿನ ವಿದುರಾಶ್ವತ್ಥದ ಬಗ್ಗೆಯೂ ಒಂದು ಮಾತು. 1938ರ ಏಪ್ರಿಲ್ 25. ಬಾವುಟ ಹಾರಿಸಬಾರದು, ಸಭೆ ಸೇರಬಾರದು ಅಂತ ಆಜ್ಞೆ. ಜಾತ್ರೆಯಲ್ಲಿ ಜನ ಸೇರಿದರು, ಗುಂಡು ಹಾರಿತು. ಎಷ್ಟು ಜನ ಸತ್ತರು ಅಂತ ಸರ್ಕಾರದ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ. ನಮ್ಮ ಮುತ್ತಜ್ಜಿ ಆ ಜಾತ್ರೆಗೆ ಬಳೆ ತೊಡಲು ಹೋಗಿದ್ದವರು. ಯಾವಾಗ ಕೇಳಿದರೂ "ನಾನು ಬಳೆ ಅಂಗಡಿ ಹತ್ತಿರ ಇದ್ದೆ, ಏನೂ ನೋಡಲಿಲ್ಲ" ಅನ್ನುತ್ತಿದ್ದರಂತೆ. ಸ್ವಾತಂತ್ರ್ಯ ಬಂದಮೇಲೂ ಅದೇ ಉತ್ತರ. ಸ್ಮಾರಕ ಕಟ್ಟಿದ ಮೇಲೂ ಅದೇ.

ಪಿಂಚಣಿ ಮೇಷ್ಟ್ರು
"ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ." ನಿಮ್ಮ ಮುತ್ತಜ್ಜಿಗೆ ಈ ಗಾದೆ ಗೊತ್ತಿದ್ದಿರಬೇಕು.

ಹೆಸರು ಬೇಡ
ಟೊಮೆಟೊ ಮಗ, ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಕೇಳಿ ನೋಡಿ. ಅದರಲ್ಲಿ ಮೇಲುಮೇಲಿನದು ಗೊತ್ತಾಗುತ್ತದೆ. ಸರಿಯಾಗಿ ಗೊತ್ತಾಗಬೇಕಾದರೆ ಜಿಲ್ಲಾ ಲ್ಯಾಬ್‌ಗೆ ಕೊಡಿ. ಹಳೇ ಜ್ಯೂಸ್ ಬಾಟಲಿಯಲ್ಲಿ ಒಯ್ಯಬೇಡಿ, ಲ್ಯಾಬ್‌ನವರೇ ಬಾಟಲಿ ಕೊಟ್ಟರೆ ಅದರಲ್ಲೇ ತುಂಬಿ. ನಾನು ಹೇಳಿದೆ ಅಂತ ಹೇಳಬೇಡಿ.

ಶಿಲೆ ಮತ್ತು ಕೆರೆ
"ನಾನು ಹೇಳಿದೆ ಅಂತ ಹೇಳಬೇಡಿ." ಈ ಚರ್ಚೆಯಲ್ಲಿ ಇದು ಮೂರನೇ ಸಲ.

ಕರಿಕೋಟು ತುಮಕೂರು
ರಿಪೋರ್ಟ್ ಕೈಯಲ್ಲಿ ಇಟ್ಟುಕೊಂಡೇ ಬರೆಯಿರಿ, ಅದು ನಿಮಗೂ ಒಳ್ಳೆಯದು. ಕ್ರಿಮಿನಲ್ ಮಾನನಷ್ಟದಲ್ಲಿ ಬರೀ ನಿಜ ಅಂದರೆ ಸಾಲದು, ಅದನ್ನು ಹೇಳುವುದರಲ್ಲಿ ಸಾರ್ವಜನಿಕ ಹಿತ ಇರಬೇಕು. ಕುಡಿಯುವ ನೀರಿನಲ್ಲಿ ಅದು ಇದ್ದೇ ಇದೆ. ಯಾರ ಹೆಸರನ್ನೂ ಎಳೆಯದೆ "ನನ್ನ ಬಾವಿ, ಈ ದಿನ, ಈ ರಿಪೋರ್ಟ್" ಅಂತ ಹಾಕಿ. ಫೀಸ್ ಬೇಡ.

ಟೊಮೆಟೊ ಮಗ
ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಬರಲು ಆಗಲಿಲ್ಲ, ಕೊಯ್ಲು ಇತ್ತು. ಈಗಿನ ಸುದ್ದಿ ಹೇಳುತ್ತೇನೆ.

ಈ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಬೋರ್ ಅಣ್ಣನ ಮಾತಿಗೆ ತಲೆ ಆಡಿಸಿದರು, ಮೋರಿ ಕಥೆಗೆ ನಕ್ಕರು, ಮಿಕ್ಕಿದ್ದಕ್ಕೆ ಏನೂ ಹೇಳಲಿಲ್ಲ. ಇವತ್ತು ಬೆಳಗ್ಗೆ ನೋಡಿದರೆ ಲ್ಯಾಬ್ ಬಾಟಲಿ ಅವರೇ ತಂದಿದ್ದಾರೆ. ಮಂಡಿಗೆ ಲೋಡ್ ಹಾಕಿ ಬರುವಾಗ ತಂದರಂತೆ. ನನಗೆ ಹೇಳಿಯೇ ಇರಲಿಲ್ಲ. ಈಗ ಫಾರಂ ತುಂಬಬೇಕು. ಊರು, ಸರ್ವೆ ನಂಬರ್, ಬಾವಿ ಮಾಲೀಕರ ಹೆಸರು ಅಂತ ಕೇಳಿದ್ದಾರೆ. ಅಪ್ಪ ಪೆನ್ನು ಹಿಡಿದುಕೊಂಡು ಅರ್ಧ ಗಂಟೆಯಿಂದ ಜಗಲಿ ಮೇಲೆ ಕೂತಿದ್ದಾರೆ.

ಸುಮ್ನಿರಮ್ಮ
ಬರೆದರಾ?

ಟೊಮೆಟೊ ಮಗ
ಊರು ಬರೆದರು. ಸರ್ವೆ ನಂಬರ್ ಬರೆದರು. ಮಾಲೀಕರ ಹೆಸರಿನ ಜಾಗದಲ್ಲಿ ತಾತನ ಹೆಸರು ಹಾಕಿದರು. ತಾತ ಹೋಗಿ ಹನ್ನೊಂದು ವರ್ಷ ಆಯಿತು. "ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ, ನಾನೇನು ಸುಳ್ಳು ಬರೆದಿಲ್ಲ" ಅನ್ನುತ್ತಿದ್ದಾರೆ.

ಹೆಸರು ಬೇಡ
ಹನ್ನೊಂದು ವರ್ಷದಿಂದ ಪೌತಿ ಖಾತೆ ಮಾಡಿಸಿ ಜಮೀನನ್ನು ನಿಮ್ಮ ಹೆಸರಿಗೆ ಮಾಡಿಕೊಂಡಿಲ್ವಾ? ನೀರು ಆಮೇಲೆ ನೋಡೋಣ, ಮೊದಲು ಅದನ್ನು ಮಾಡಿಸಿ.

ಬೋರ್ 1400 ಅಡಿ
ನಮ್ಮದೂ ಆಗಿಲ್ಲ. ಏನೇನು ದಾಖಲೆ ಬೇಕು ಸಾರ್?